ಕುಡಿತದ ಗುರುವಿನ ಹೆಂಡತಿ ‘ಒಂಟಿಕಲ್ಲಿನ ದೊರೆಗಳು’ ಕಂಪನಿಗೆ ಬರೆದುಕೊಂಡದ್ದು

ಮಾನ್ಯರೇ,

‘ಒಂಟಿಕಲ್ಲಿನ ದೊರೆಗಳು’ ಧಾರಾವಾಹಿಯ ನಿರ್ಮಾಪಕರು, ನಿರ್ದೇಶಕರು, ಕತೆ ಕಟ್ಟುವವರು, ಕುದುರೆ ಹಿಡಿಯುವವರು ಮತ್ತು ಮೂರು ವರ್ಷದಿಂದ ಒಂದೇ ಲೋಟವನ್ನು ಒರೆಸುತ್ತಿರುವ ಪಡಖಾನೆಯ ಆ ಮೀಸೆಯವರು, ಇಷ್ಟೂ ಜನರ ಸನ್ನಿಧಿಗೆ ಮೊಂಟಾನಾ ಸೀಮೆಯ ಕಾಟನ್ ಬೆಂಡ್‌ನಿಂದ ವರ್ನೆಲ್ ಹಾಫ್‌ಸ್ಟಾಡ್ ಎಂಬುವಳು ತಲೆಬಾಗಿ ಬಿನ್ನವಿಸಿಕೊಳ್ಳುವುದು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಪದ್ಧತಿ, ಅದಕ್ಕೇ ಬರೆದಿದ್ದೇನೆ. ತಾವು ಕ್ಷೇಮವಾಗಿರುವುದು ಕಳೆದ ವಾರದ ಕಂತಿನಿಂದ ತಿಳಿಯಿತು; ಅದರಲ್ಲಿ ಹನ್ನೊಂದು ಜನ ಗುಂಡೇಟಿಗೆ ಸತ್ತರೂ ಒಬ್ಬರ ಲೋಟದಿಂದಲೂ ಒಂದು ತೊಟ್ಟು ಚೆಲ್ಲಲಿಲ್ಲ. ಅಂಥ ಅಚ್ಚುಕಟ್ಟು ನಮ್ಮ ಮನೆಗಳಲ್ಲಿ ಕಾಣಸಿಗುವುದಿಲ್ಲ.

ಮೊದಲಿಗೆ ಒಂದು ಕನಸಿನ ವಿಷಯ ಹೇಳಿಬಿಡುತ್ತೇನೆ, ಹೇಳದಿದ್ದರೆ ಮುಂದಿನದು ಬರೆಯಲು ಕೈ ಓಡುವುದಿಲ್ಲ. ಹೋದ ಭಾನುವಾರ ಮಧ್ಯಾಹ್ನ ಒಲೆಯೊಳಗೆ ಬ್ರೆಡ್ಡು ಇಟ್ಟು, ಎಲ್ಲಿ ಸೀದುಹೋದೀತೋ ಎಂದು ಒಲೆಯ ಎದುರಿಗೇ ಕುರ್ಚಿ ಹಾಕಿಕೊಂಡು ಕೂತವಳಿಗೆ ಜೊಂಪು ಹತ್ತಿತು. ಕನಸಿನಲ್ಲಿ ತಮ್ಮ ಪಡಖಾನೆ. ತಮ್ಮ ನಾಯಕರಾದ ಕರ್ನಲ್ ಥೇನ್ ಅವರು ಯಾವಾಗಿನಂತೆ ಎರಡೂ ಕೈಯಿಂದ ಬಾಗಿಲು ತಳ್ಳಿಕೊಂಡು ಬಂದರು, ಯಾವಾಗಿನಂತೆ ಪಿಯಾನೋ ನಿಂತಿತು, ಯಾವಾಗಿನಂತೆ ಅವರು ಯಾರ ಮುಖವನ್ನೂ ನೋಡದೆ “ವಿಸ್ಕಿ” ಎಂದರು. ಮೀಸೆಯವರು ಲೋಟ ತುಂಬಿ ಕಟ್ಟೆಯ ಮೇಲೆ ಜಾರಿಸಿದರು. ಅದು ಕರ್ನಲ್ಲರ ಕೈಯ ಹತ್ತಿರ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಶೆರಿಫರನ್ನು ದಾಟಿತು, ಬಾಗಿಲು ದಾಟಿತು, ಹೆದ್ದಾರಿಗೆ ಬಿದ್ದು ಗೋಧಿಯ ಗೋದಾಮಿನ ಪಕ್ಕದಲ್ಲಿ ಹಾದು, ರೈಲು ಗೇಟಿನ ಹತ್ತಿರ ಗೂಡ್ಸ್ ಗಾಡಿ ಹೋಗುವವರೆಗೆ ಮರ್ಯಾದೆಯಿಂದ ಕಾದು ನಿಂತು, ಆಮೇಲೆ ನಮ್ಮ ಮನೆಯ ಮೂರು ಮೆಟ್ಟಿಲು ಹತ್ತಿ, ಅಡುಗೆಮನೆಯ ಮೇಜಿನ ಮೇಲೆ ನನ್ನ ಗಂಡ ಓರ್ಲಿನ್‌ನ ತಟ್ಟೆಯ ಬಲಪಕ್ಕಕ್ಕೆ ಬಂದು ನಿಂತಿತು. ಒಂದು ತೊಟ್ಟೂ ಚೆಲ್ಲಿರಲಿಲ್ಲ. ಓರ್ಲಿನ್ ಅದರ ಕಡೆ ನೋಡಲಿಲ್ಲ. ಅವನು ನೋಡದೇ ಇದ್ದದ್ದಕ್ಕೇ ನಾನು ಕೂಗಿಕೊಂಡೆ. ಎಚ್ಚರವಾದಾಗ ಬ್ರೆಡ್ಡು ಸೀದಿತ್ತು.

ನಾನು ಎಂಟನೆಯ ತರಗತಿಯ ನಡುವಿನಲ್ಲಿ, ಕುರಿ ಈಯುವ ಕಾಲಕ್ಕೆ, ಶಾಲೆ ಬಿಟ್ಟವಳು. ಕುರಿಗಳೆಲ್ಲ ಈದು ಮುಗಿಯುವಷ್ಟರಲ್ಲಿ ಪಾಠ ಮುಂದೆ ಹೋಗಿಬಿಟ್ಟಿತ್ತು, ನಾನು ಹಿಂತಿರುಗಲಿಲ್ಲ. ಈಗ ಅದೇ ಶಾಲೆಯಲ್ಲಿ ಮಕ್ಕಳಿಗೆ ಅಡುಗೆ ಮಾಡುತ್ತೇನೆ. ಆದ್ದರಿಂದ ಪತ್ರದಲ್ಲಿ ಎಲ್ಲಿ ಬಾಗಬೇಕೋ ಅಲ್ಲಿ ಬಾಗದೆ, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಲ್ಲದೆ ಹೋದರೆ ಮನ್ನಿಸಬೇಕು. ಇದಕ್ಕೆ ಮೊದಲು ತಮ್ಮ ಕಚೇರಿಗೆ ಮೂರು ಪತ್ರ ಬರೆದಿದ್ದೆ. ಮೂರಕ್ಕೂ ಉತ್ತರವಾಗಿ ಕರ್ನಲ್ಲರು ಲೋಟ ಎತ್ತಿ ಹಿಡಿದಿರುವ, ಅವರ ಸಹಿ ಇರುವ ಫೋಟೋ ಬಂತು. ನಾಲ್ಕನೆಯದನ್ನು ತೂಗುಹಾಕಲು ನಮ್ಮಲ್ಲಿ ಗೋಡೆ ಉಳಿದಿಲ್ಲವಾದ್ದರಿಂದ ಈ ಸಲ ನಮ್ಮ ವಾರಪತ್ರಿಕೆಯಲ್ಲಿ ಬಹಿರಂಗವಾಗಿ ಬರೆಯುತ್ತಿದ್ದೇನೆ, ತಾವು ಬೇಸರಿಸಬಾರದು.

ಓರ್ಲಿನ್ ಕುಡಿತ ಬಿಟ್ಟು ಒಂಬತ್ತು ವರ್ಷ ಹನ್ನೊಂದು ತಿಂಗಳಾಯಿತು. ಇದು ಗುಟ್ಟಲ್ಲ, ಮುನ್ನೂರು ಜನರ ಊರಿನಲ್ಲಿ ಗುಟ್ಟು ಇಡಲು ಜಾಗವೂ ಇಲ್ಲ. ಅವನು ಬಿಟ್ಟ ದಿನ ಪಡಖಾನೆಯವನೇ ಎಲ್ಲರಿಗಿಂತ ಮೊದಲು ಗಮನಿಸಿ, ಕಾಯಿಲೆಯೇನೋ ಎಂದು ವಿಚಾರಿಸಲು ಮನೆಗೆ ಬಂದಿದ್ದ. ಅಂದಿನಿಂದ ನಾನು ಕೆರೆಯ ನೀರಿನ ಮೇಲೆ ಹಾಳೆಯಷ್ಟು ತೆಳ್ಳಗೆ ಕಟ್ಟಿದ ಮಂಜುಗಡ್ಡೆಯ ಮೇಲೆ ನಡೆಯುವವಳ ಹಾಗೆ ನಡೆದಿದ್ದೇನೆ. ತಮ್ಮ ಧಾರಾವಾಹಿಯು ಆ ಮಂಜುಗಡ್ಡೆಯ ಮೇಲೆ ಕುದುರೆಗಳನ್ನು ಓಡಿಸುತ್ತಿದೆ, ಅದೇ ನನ್ನ ದೂರು. ದೂರು ಎಂದದ್ದು ಜೋರಾಯಿತೇನೋ. ಬಿನ್ನಹ ಎಂದು ಓದಿಕೊಳ್ಳಿ.

ತಮ್ಮ ಧಾರಾವಾಹಿಯನ್ನು ನಾನು ಉಡಾಫೆಯಿಂದ ನೋಡಿದವಳಲ್ಲ. ಮಡಿಲಲ್ಲಿ ಬಟ್ಟಲು, ಪಕ್ಕದಲ್ಲಿ ಒಣ ಬೀನ್ಸ್ ಕಾಳಿನ ಡಬ್ಬಿ ಇಟ್ಟುಕೊಂಡು, ಯಾರಾದರೂ ಒಂದು ಲೋಟ ಎತ್ತಿದರೆ ಒಂದು ಕಾಳು ಹಾಕುತ್ತಾ ಬಂದಿದ್ದೇನೆ. ಎರಡನೆಯ ಭಾಗದ ನಾಲ್ಕನೆಯ ಕಂತಿನಲ್ಲಿ ಕರ್ನಲ್ಲರದೇ ಹದಿನೇಳು ಕಾಳು. ಅದಾದ ಮೇಲೆ ಅವರು ಎದ್ದರು (ಎದ್ದರು ಎಂಬುದನ್ನೇ ತಾವು ಗಮನಿಸಬೇಕು), ಕುದುರೆ ಹತ್ತಿದರು, ಹಿಮದಲ್ಲಿ ಮೂವತ್ತು ಮೈಲಿ ಹೋದರು, ಗಿರಣಿಯ ಮಾಡಿನ ಮೇಲೆ ಅಡಗಿದ್ದ ಶತ್ರುವಿನ ಬಾಯಲ್ಲಿದ್ದ ಚುಟ್ಟಾಕ್ಕೆ ಮಾತ್ರ ತಾಗುವಂತೆ ಗುಂಡು ಹಾರಿಸಿದರು, ಕೊನೆಗೆ ಒಬ್ಬ ವಿಧವೆಗೆ ಜಮೀನಿನ ಕಾನೂನನ್ನು ಒಂದು ಮಾತೂ ತೊದಲದೆ ವಿವರಿಸಿದರು. ನನ್ನ ಗಂಡ ಹದಿನೇಳು ಕಾಳಿನ ಹೊತ್ತಿಗೆ ನಮ್ಮ ನಾಯಿಯ ಹತ್ತಿರ ಕ್ಷಮೆ ಕೇಳುತ್ತಿದ್ದ. ನಾಯಿ ಕ್ಷಮಿಸಿಯೂ ಬಿಡುತ್ತಿತ್ತು, ಅದಕ್ಕೆ ತಿಳಿವಳಿಕೆ ಕಡಿಮೆ. ಆ ಕಂತಿನ ಒಟ್ಟು ಕಾಳನ್ನು ನೆನೆಹಾಕಿ, ಹಂದಿಯ ಮೂಳೆ ಸೇರಿಸಿ ಬೇಯಿಸಿದೆ: ಒಂಬತ್ತು ಜನ ಹೊಟ್ಟೆ ತುಂಬ ಉಂಡು, ಮಿಕ್ಕದ್ದು ಪಾದ್ರಿಗಳ ಮನೆಗೆ ಹೋಯಿತು. ಒಂದು ಊರಿನ ಪಾದ್ರಿಗೂ ಕುಡಿತದಿಂದ ಉಪಕಾರವಾದದ್ದು ತಮ್ಮ ಕಾಲದಲ್ಲೇ ಮೊದಲು.

ತಮ್ಮ ಪಾತ್ರಧಾರಿಗಳ ದೇಹದಾರ್ಢ್ಯವನ್ನು ಹೊಗಳಲು ನನಗೆ ಮಾತು ಸಾಲದು. ಮೂರು ಭಾಗ, ಮೂವತ್ತು ಕಂತು. ಒಬ್ಬರೇ ಒಬ್ಬರು ಎದ್ದು ಪಡಖಾನೆಯ ಹಿಂಬದಿಗೆ ಹೋಗಿಬಂದದ್ದನ್ನು ನಾನು ಕಾಣೆ. ಶೆರಿಫರು ಎರಡನೆಯ ಭಾಗದ ಮೊದಲ ಕಂತಿನಲ್ಲಿ ಕೂತವರು ಕೊನೆಯ ಕಂತಿನಲ್ಲಿ ಗುಂಡು ತಗುಲಿದಾಗಲೇ ಎದ್ದದ್ದು. ಅಂಥ ಮೂತ್ರಕೋಶ ನಮ್ಮ ಜಿಲ್ಲೆಯ ದನಗಳಿಗೂ ಇಲ್ಲ. ಇನ್ನು ತಮ್ಮ ಡಾಕ್ಟರು ಹಲ್ಲಿನಿಂದ ಬಿರಡೆ ಕಿತ್ತು, ಅರ್ಧ ಬಾಟಲಿಯನ್ನು ಗಾಯದ ಮೇಲೆ ಸುರಿದು, ಕಾಲು ಭಾಗ ರೋಗಿಗೆ ಕುಡಿಸಿ, ಉಳಿದ ಕಾಲು ಭಾಗವನ್ನು ತಾವೇ ಮುಗಿಸಿ, ನಡುಗದ ಕೈಯಿಂದ ಗುಂಡನ್ನು ಹೊರತೆಗೆದು ತಟ್ಟೆಯಲ್ಲಿ ‘ಟಣ್’ ಎನ್ನಿಸುತ್ತಾರೆ. ಆ ಕಂತು ಬಂದ ವಾರವೇ ನಮ್ಮೂರಿನಲ್ಲಿ ಸೌದೆ ಸೀಳುವವನೊಬ್ಬ ಕಾಲಿಗೆ ಕೊಡಲಿ ತಾಗಿಸಿಕೊಂಡು ಅದೇ ಚಿಕಿತ್ಸೆ ಮಾಡಿಕೊಂಡ. ಆಸ್ಪತ್ರೆಯ ನರ್ಸಮ್ಮ ಅವನ ಬಾಯಿ ಮೂಸಿ, “ಅಲ್ಲಪ್ಪಾ, ಗಾಯ ಆಗಿದ್ದು ಹೊರಗೆ, ಔಷ್ದಿ ಯಾಕೆ ಒಳಗೋಯ್ತು?” ಎಂದು ಕೇಳಿದರಂತೆ. ಅವನು, “ಟೀವೀಲಿ ಡಾಕ್ಟ್ರೂ ಕುಡೀತಾರೆ ತಾಯೀ, ಇಲ್ಲಿ ಡಾಕ್ಟ್ರು ಇರ್ಲಿಲ್ಲ, ಅವರ ಪಾಲೂ ನಾನೇ ಕುಡ್ದೆ” ಎಂದನಂತೆ. ಕಾಲು ಉಳಿಯಿತು, ಆದರೆ ಹೆಬ್ಬೆರಳು ಹೋಯಿತು. ಆ ಬೆರಳು ತಮ್ಮ ಕೀರ್ತಿಗೆ ಸಂದ ಕಾಣಿಕೆಯೆಂದು ಭಾವಿಸಬೇಕು.

ಅವರೆಲ್ಲ ಕುಡಿಯುವುದು ವಿಸ್ಕಿಯಲ್ಲ, ತಣ್ಣನೆಯ ಚಹಾ ಎಂದು ತಾವು ಉತ್ತರ ಬರೆದೀರಿ. ಬರೆಯಬೇಡಿ. ಚಿತ್ರೀಕರಣಕ್ಕೆ ತಾವು ನಮ್ಮೂರನ್ನೇ ಆರಿಸಿಕೊಂಡಿರಿ, ದೊಡ್ಡ ಪಾತ್ರೆ ನಮ್ಮ ಶಾಲೆಯಲ್ಲಿ ಮಾತ್ರ ಇತ್ತು, ಹಾಗಾಗಿ ಆ ಚಹಾ ಕುದಿಸಿದ್ದು ನಾನೇ. ಕರ್ನಲ್ಲರಿಗೆ ಸಕ್ಕರೆ ಮುಂದಾಗಬೇಕು, ಶೆರಿಫರಿಗೆ ನಿಂಬೆಹುಳಿ ಆಗದು, ವಿಷ ಕುಡಿಸಿ ಕೊಲ್ಲಲ್ಪಟ್ಟ ಬ್ಯಾಂಕಿನವರಿಗೆ ಚಹಾದಿಂದ ನಿದ್ದೆ ಬರುವುದಿಲ್ಲವೆಂದು ಸೇಬಿನ ರಸ. ಮೂರು ವರ್ಷ ತಮ್ಮ ಕತೆಯ ಒಂಟಿಕಲ್ಲು ಊರನ್ನೇ ಅಮಲಿನಲ್ಲಿ ಇಟ್ಟವಳು ನಾನು, ನನಗೆ ಅದರ ಪಾಪಪ್ರಜ್ಞೆ ಬೇರೆ ಕಾಡುತ್ತದೆ.

ತಮ್ಮ ಕತೆ ನಡೆಯುವ ಕಾಲದ ನಿಜವಾದ ವಿಸ್ಕಿಯ ಸಮಾಚಾರ ಬೇಕಿದ್ದರೆ ನಮ್ಮ ಮನೆಯಲ್ಲಿದೆ. ನನ್ನ ಮುತ್ತಜ್ಜ ಎತ್ತಿನ ಬಂಡಿಯಲ್ಲಿ ಸರಕು ಸಾಗಿಸುತ್ತಿದ್ದವರು. ಆಗಿನ ಪಡಖಾನೆಯವರು ಸ್ಪಿರಿಟ್ಟಿಗೆ ನದಿಯ ನೀರು, ಹೊಗೆಸೊಪ್ಪು, ಒಣಮೆಣಸಿನಕಾಯಿ ಬೆರೆಸಿ ಮಾರುತ್ತಿದ್ದರೆಂದು ಅಜ್ಜಿ ಹೇಳುತ್ತಿದ್ದರು. ಒಂದು ಜನವರಿಯಲ್ಲಿ ಮುತ್ತಜ್ಜ ಅದನ್ನು ಕುಡಿದು ಹೊರಬಂದು, ಬಂಡಿಯ ಕಡೆ ಹೋಗುತ್ತಾ, ಬೂಟಿನೊಳಗೆ ಹೊಕ್ಕ ಹಿಮವನ್ನು ಕೊಡವಿಕೊಳ್ಳಲು ಕೂತರು. ಏಪ್ರಿಲ್‌ನಲ್ಲಿ ಸಿಕ್ಕರು, ಒಂದು ಬೂಟು ಕಾಲಲ್ಲಿ, ಇನ್ನೊಂದು ಕೈಯಲ್ಲಿ. ಪಡಖಾನೆಯಿಂದ ಅಲ್ಲಿಗೆ ನಲವತ್ತು ಹೆಜ್ಜೆ. ಇದು ತಮ್ಮ ಧಾರಾವಾಹಿಗೆ ಹೊಂದುವುದಿಲ್ಲವೆಂದು ನನಗೆ ಗೊತ್ತು, ಇದರಲ್ಲಿ ಶತ್ರುವಿಲ್ಲ, ಪಿಟೀಲಿಲ್ಲ, ಸಾಯುವಾಗ ಆಡುವ ಮಾತಿಲ್ಲ. ಹಿಮ ಬಿದ್ದ ಸದ್ದೂ ಇರಲಿಲ್ಲವಂತೆ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಷ್ಟು ಹೊತ್ತು ಬಾರದೆ ಸುತ್ತುತ್ತಿದ್ದುದಕ್ಕೆ ಕಾರಣ ಭಯ. ತಾವು ಓರ್ಲಿನ್‌ನನ್ನು ಕರೆಸಿದ್ದು ಮೂರನೆಯ ಭಾಗದ ಕುದುರೆಗಳಿಗೆ ಲಾಳ ಕಟ್ಟಲು. ಅವನು ಅಷ್ಟಕ್ಕೇ ಹೋದವನು. ಪಡಖಾನೆಯ ಬಾಗಿಲಲ್ಲಿ ಒಂದು ಕುದುರೆಯ ಗೊರಸನ್ನು ತೊಡೆಯ ಮೇಲಿಟ್ಟುಕೊಂಡು ಮೊಳೆ ಹೊಡೆಯುತ್ತಿದ್ದಾಗ ಒಳಗೆ ಕರ್ನಲ್ಲರು ಹನ್ನೆರಡನೆಯ ಸಲ ಅದೇ ಲೋಟ ಕುಡಿಯುತ್ತಿದ್ದರು, ಓರ್ಲಿನ್‌ಗೆ ಕುದುರೆಯ ಹೊಟ್ಟೆಯಡಿಯಲ್ಲಿ ನಗು ಬಂತು. ತಮ್ಮ ನಿರ್ದೇಶಕರಾದ ಡೆಸ್ಮಂಡ್ ಅವರು ಅದನ್ನು ಕೇಳಿಸಿಕೊಂಡು, “ಏನಯ್ಯಾ, ಅಂಥ ನಗೋದೇನಾಯ್ತು?” ಎಂದರು. “ಏನಿಲ್ಲ ಸಾರ್, ಅವ್ರು ಚಹಾ ಕುಡಿಯೋದನ್ನ ಭಾಳ ಚೆನ್ನಾಗಿ ಮಾಡ್ತಾವ್ರೆ” ಎಂದ ಇವನು. “ಹಂಗಾದ್ರೆ ನೀನೇ ಬಂದು ತೋರ್ಸು.” ಇವನು ಕೈ ಒರೆಸಿಕೊಂಡು ಹೋಗಿ ತೋರಿಸಿದ. “ನಿಜವಾದ ಕುಡುಕ ಲೋಟ ನೋಡಲ್ಲ ಸಾರ್. ಲೋಟ ಎಲ್ಲಿಗೂ ಓಡೋಗಲ್ಲ. ಅವ್ನು ನೋಡೋದು ಬಾಟ್ಲೀಲಿ ಎಷ್ಟು ಉಳಿದಿದೆ ಅಂತ. ಅದೂ ನೋಡ್ದಂಗೆ ನೋಡ್ತಾನೆ. ಆಮೇಲೆ ಬೇರೇವ್ರಿಗೂ ಬಾಟ್ಲಿಗೂ ಮಧ್ಯ ತನ್ನ ಭುಜ ತಂದಿಡ್ತಾನೆ, ಹಿಂಗೆ.” ಚಹಾದ ಪಾತ್ರೆ ಹೊತ್ತುಕೊಂಡು ಬಾಗಿಲಲ್ಲಿ ನಿಂತಿದ್ದ ನಾನು ಆ ಭುಜವನ್ನು ಒಂಬತ್ತು ವರ್ಷದ ನಂತರ ನೋಡಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಅಂದೇ ತಾವು ಅವನನ್ನು ಕುಡಿತದ ಗುರು ಎಂದು ನೇಮಿಸಿಕೊಂಡು, ಬೆನ್ನಿನ ಮೇಲೆ ಆತನ ಹೆಸರಿರುವ ಕುರ್ಚಿಯನ್ನೂ ಕೊಟ್ಟಿರಿ. ಬಿಟ್ಟ ವಿದ್ಯೆಗೆ ಇಷ್ಟು ಮರ್ಯಾದೆ ಜಗತ್ತಿನಲ್ಲಿ ಬೇರೆಲ್ಲೂ ಸಿಕ್ಕ ಉದಾಹರಣೆಯಿಲ್ಲ.

ಅವನು ಮನಸ್ಸಿಟ್ಟು ಕಲಿಸಿದ. ಬೆಳಗಿನ ಮೊದಲ ಗುಟುಕಿಗೆ ಕೈ ಹೇಗೆ ನಡುಗುತ್ತದೆ, ಲೋಟ ಬಾಯಿಗೆ ಬರುವಷ್ಟರಲ್ಲಿ ಅರ್ಧ ಚೆಲ್ಲಿಹೋದರೆ ಆ ಅರ್ಧಕ್ಕಾಗಿ ಮನುಷ್ಯ ಹೇಗೆ ಅಳುತ್ತಾನೆ, ಅದಕ್ಕೇ ಒಂದು ಟವೆಲನ್ನು ಕತ್ತಿನ ಹಿಂದೆ ಹಾಯಿಸಿ, ಒಂದು ತುದಿಯನ್ನು ಲೋಟದ ಜೊತೆ ಮುಷ್ಟಿಯಲ್ಲಿ ಹಿಡಿದು, ಇನ್ನೊಂದು ತುದಿಯನ್ನು ಮತ್ತೊಂದು ಕೈಯಿಂದ ಮೆಲ್ಲಗೆ ಎಳೆದುಕೊಂಡು, ರಾಟೆಯಲ್ಲಿ ಬಾವಿಯಿಂದ ಕೊಡ ಸೇದುವ ಹಾಗೆ ಲೋಟವನ್ನು ತುಟಿಯವರೆಗೆ ಹೇಗೆ ಏರಿಸಿಕೊಳ್ಳಬೇಕು, ಎಲ್ಲವನ್ನೂ. ಡೆಸ್ಮಂಡ್ ಅವರ ಕಣ್ಣಲ್ಲಿ ನೀರೇ ಬಂತಂತೆ. “ಇದು ಸತ್ಯ ಕಣಯ್ಯಾ, ಇದು ಸತ್ಯ” ಎಂದರಂತೆ. ಆದರೆ ಕರ್ನಲ್ಲರ ಕೈ ನಡುಗುವುದು ಅವರ ಗೌರವಕ್ಕೆ ತಕ್ಕದ್ದಲ್ಲ ಎಂದು ಆ ಸತ್ಯವನ್ನು ತಾವು ಊರಿನ ಬೆಪ್ಪು ಕುಡುಕನ ಪಾತ್ರಕ್ಕೆ ದಯಪಾಲಿಸಿದಿರಿ. ಅವನು ಟವೆಲು ಎಳೆಯುತ್ತಾನೆ, ಪಿಟೀಲು ಕುಂಯ್ ಕುಂಯ್ ಎನ್ನುತ್ತದೆ, ಲೋಟ ತುಟಿಗೆ ಬರುವಷ್ಟರಲ್ಲಿ ಕಿಟಕಿಯಿಂದ ಕುದುರೆ ತಲೆಹಾಕಿ ಕುಡಿದುಬಿಡುತ್ತದೆ.

ಆ ಕಂತನ್ನು ಬೆಂಕಿ ಆರಿಸುವವರ ಠಾಣೆಯ ದೊಡ್ಡ ಕೋಣೆಯಲ್ಲಿ ದೊಡ್ಡ ಪರದೆ ಕಟ್ಟಿ ಊರಿಗೂರೇ ಕೂಡಿ ನೋಡಿತು. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವನು ಓರ್ಲಿನ್. ಮನೆಗೆ ಬಂದ ಮೇಲೆ ನಾನು ಸುಮ್ಮನೆ ಇರಲಾರದೆ, “ಅದ್ರಲ್ಲಿ ಅಷ್ಟು ನಗೋಂಥದ್ದೇನಿತ್ತು?” ಎಂದೆ. “ನಗು ಬಂತು ಕಣೇ, ಏನ್ ಮಾಡ್ಲಿ? ಕುದ್ರೆ ಬಂದದ್ದು ಚೆನ್ನಾಗಿತ್ತು. ನನ್ ಕಾಲದಲ್ಲಿ ಯಾವ ಕುದ್ರೇನೂ ಬರ್ಲಿಲ್ಲ” ಎಂದ. ಆಮೇಲೆ ಒಲೆಯ ಹಿಡಿಕೆಗೆ ನೇತುಹಾಕಿದ್ದ ಟವೆಲನ್ನು ತೆಗೆದು, ನಾಲ್ಕು ಮಡಿಕೆ ಮಾಡಿ, ಖಾನೆಯಲ್ಲಿಟ್ಟು ಮುಚ್ಚಿದ. ಅವನು ಟವೆಲು ಮಡಿಸಿದ್ದನ್ನು ಮದುವೆಯಾದ ಮೂವತ್ತೊಂದು ವರ್ಷದಲ್ಲಿ ನಾನು ನೋಡಿರಲಿಲ್ಲ. ಹಾಸ್ಯದಿಂದ ಗಂಡಸರಿಗೆ ಮನೆಗೆಲಸ ಕಲಿಸಿದ್ದಕ್ಕಾಗಿ ತಮಗೆ ಊರಿನ ಹೆಂಗಸರೆಲ್ಲರ ಪರವಾಗಿ ವಂದನೆಗಳು.

ಪಡಖಾನೆಯ ದೃಶ್ಯಗಳನ್ನು ತಾವು ಯಾವಾಗಲೂ ಮಂಗಳವಾರವೇ ತೆಗೆಯುತ್ತೀರಿ. ಮಂಗಳವಾರ ನಮ್ಮ ಚರ್ಚಿನ ನೆಲಮಾಳಿಗೆಯಲ್ಲಿ ಕುಡಿತ ಬಿಟ್ಟವರ ಕೂಟ. ಮಡಚುವ ಕುರ್ಚಿ ಹಾಕಿಕೊಂಡು, ಕೆಟ್ಟ ಕಾಫಿ ಕುಡಿಯುತ್ತಾ, ಒಬ್ಬರ ಮಾತು ಇನ್ನೊಬ್ಬರು ಕೇಳುತ್ತಾರೆ, ಅಷ್ಟೇ. ತಮ್ಮ ಕೃಪೆಯಿಂದ ಓರ್ಲಿನ್ ಏಳು ಮಂಗಳವಾರ ಅಲ್ಲಿಗೆ ಹೋಗಲಿಲ್ಲ. ಅವನಿಗೆ ಅಲ್ಲಿ ಅಣ್ಣನ ಸ್ಥಾನದಲ್ಲಿರುವವರು ಮೇನಾರ್ಡ್ ಎಂಬ ರೈಲ್ವೆಯಿಂದ ನಿವೃತ್ತರಾದ ಹಿರಿಯರು. ಅವರು ಫೋನ್ ಮಾಡಿ, “ಎಲ್ಲಮ್ಮಾ ನಿನ್ ಗಂಡ?” ಎಂದರು. “ಕೆಲಸಕ್ಕೆ ಹೋಗಿದಾನೆ ಅಣ್ಣಾ, ಅಲ್ಲಿ ಬರೀ ಚಹಾನೇ ಕೊಡೋದು, ನಾನೇ ಕಾಯ್ಸಿದ್ದೀನಿ” ಎಂದೆ. ಅವರು, “ಲಾಯದಲ್ಲಿ ಇಡೀ ದಿನ ನಿಂತವನ ಬೂಟಿಗೆ ಲದ್ದಿ ಅಂಟದೆ ಇರತ್ತಾ ತಾಯೀ? ಕುದ್ರೆ ಮೇಲೆ ಹತ್ತಲೇಬೇಕು ಅಂತಿಲ್ಲ” ಎಂದರು. ಆವತ್ತಿನಿಂದ ಅವನು ಬೂಟು ಬಿಚ್ಚಿದರೆ ಸಾಕು, ನಾನು ಅಡಿಭಾಗ ತಿರುಗಿಸಿ ನೋಡುತ್ತೇನೆ.

ಆದ್ದರಿಂದ ನಾಲ್ಕನೆಯ ಭಾಗ ತೆಗೆಯುವ ಮೊದಲು ಈ ಬಡವಳ ಕೆಲವು ಬೇಡಿಕೆಗಳನ್ನು ನಡೆಸಿಕೊಡಬೇಕು. ಕರ್ನಲ್ಲರಿಗೆ ಒಂದೇ ಒಂದು ಸಲ ಅವರದೇ ಮನೆಯ ಬೀಗದ ತೂತು ಸಿಗದೆ ಹೋಗಲಿ. ಶೆರಿಫರು ಒಮ್ಮೆಯಾದರೂ ಮಾತಿನ ನಡುವೆ ಹೇಳಬೇಕಾದ್ದನ್ನು ಮರೆತು, ಹೇಳಬಾರದ್ದನ್ನು ಹೇಳಿ, ಮಾರನೆಯ ದಿನ ಅದನ್ನು ತಾನು ಹೇಳಲೇ ಇಲ್ಲವೆಂದು ಆಣೆಯಿಡಲಿ. ಲೋಟ ಒರೆಸುವ ಮೀಸೆಯವರು ಒರೆಸುವುದನ್ನು ನಿಲ್ಲಿಸಿ, “ಸಾಕು, ಮನೆಗ್ ಹೋಗಪ್ಪಾ” ಎಂಬ ಮಾತನ್ನು ಒಂದು ಕಂತಿನಲ್ಲಿ ಹೇಳಲಿ. ಅದಕ್ಕಾಗಿ ಅವರಿಗೆ ಸಂಬಳ ಹೆಚ್ಚಿಸಬೇಕಾದರೆ ನಾವು ಊರಿ‍ನವರು ಕೇಕ್ ಮಾರಿ ಹೊಂದಿಸುತ್ತೇವೆ. ಮಂಗಳವಾರದ ಪಡಖಾನೆಯನ್ನು ದಯವಿಟ್ಟು ಬುಧವಾರಕ್ಕೆ ಹಾಕಿ, ಬುಧವಾರ ನಮ್ಮ ಊರಿನಲ್ಲಿ ಯಾರಿಗೂ ಏನೂ ಇಲ್ಲ.

ಇನ್ನೊಂದು. ತಮ್ಮ ಒಂಟಿಕಲ್ಲಿನಲ್ಲಿ ಮೇಜಿನ ಮೇಲೆ ಕುಣಿಯುವ ಹೆಂಗಸರಿದ್ದಾರೆ, ಜಮೀನು ಕಳೆದುಕೊಂಡ ವಿಧವೆಯರಿದ್ದಾರೆ; ಕುಡಿಯುವವನ ಹೆಂಡತಿ ಎಂಬುವಳು ಒಬ್ಬಳೂ ಇಲ್ಲ. ಇಷ್ಟೆಲ್ಲ ಗಂಡಸರನ್ನು ಸಂಜೆ ಯಾರು ಕಾಯುತ್ತಿದ್ದರು? ಆ ಪಾತ್ರಕ್ಕೆ ನಾನು ಅರ್ಜಿ ಹಾಕುತ್ತಿದ್ದೇನೆ. ನನ್ನ ಅರ್ಹತೆ ಹೀಗಿದೆ: ನಮ್ಮ ಮನೆಗೆ ಮೂರು ಮೆಟ್ಟಿಲು. ಮೂರು ಮೆಟ್ಟಿಲಿಗೆ ಬೂಟಿನ ಸದ್ದು ನಾಲ್ಕು ಬಂದರೆ ಊಟ ಬಡಿಸಬಹುದು, ಐದು ಬಂದರೆ ಮಕ್ಕಳನ್ನು ಒಳಕೋಣೆಗೆ ಕಳಿಸಬೇಕು, ಎರಡೇ ಬಂದು ನಿಂತರೆ ಕಂಬಳಿ ತೆಗೆದುಕೊಂಡು ಹೊರಗೆ ಓಡಬೇಕು. ಇದನ್ನು ನನಗೆ ಯಾವ ಗುರುವೂ ಕಲಿಸಿದ್ದಲ್ಲ. ಕರ್ನಲ್ಲರು ಮೆಟ್ಟಿಲು ಹತ್ತುವಾಗ ನಾನು ಒಳಗೆ ಕೂತು ಎಣಿಸುತ್ತೇನೆ, ತಾವು ಕ್ಯಾಮೆರಾವನ್ನು ನನ್ನ ಮುಖದ ಮೇಲೆ ಇಡಿ, ಮಾತು ಬರೆದುಕೊಡುವ ಶ್ರಮ ಬೇಡ.

ಕಡೆಯದಾಗಿ, ತಾವು ಕಳಿಸಿದ ಕಾಣಿಕೆಯ ಬಗ್ಗೆ. ಮೂರನೆಯ ಭಾಗ ಮುಗಿದ ಸಂತೋಷಕ್ಕೆ ತಮ್ಮ ಕಂಪನಿಯು ‘ಒಂಟಿಕಲ್ಲು’ ಎಂಬ ಹೆಸರಿನ ವಿಸ್ಕಿಯನ್ನೇ ಮಾರುಕಟ್ಟೆಗೆ ಬಿಟ್ಟಿತು. ಈ ಸಲ ಚಹಾ ಅಲ್ಲ. ಅದರ ಒಂದು ಮರದ ಪೆಟ್ಟಿಗೆ ಹೋದ ಗುರುವಾರ ನಮ್ಮ ಮನೆಗೆ ಬಂತು, ಮೇಲೆ ಓರ್ಲಿನ್‌ನ ಹೆಸರು, ಒಳಗೆ ‘ನಮ್ಮ ಕುಡಿತದ ಗುರುವಿಗೆ ಶಿಷ್ಯರ ಪ್ರೀತಿಯ ಕಾಣಿಕೆ’ ಎಂಬ ಕಾರ್ಡು. ಅವನು ಬಿಟ್ಟಿದ್ದರಿಂದಲೇ ಅದರ ಬಗ್ಗೆ ಹೇಳಬಲ್ಲವನಾದ ಎಂಬುದು ತಮ್ಮಲ್ಲಿ ಒಬ್ಬರ ತಲೆಗೂ ಹೊಳೆಯಲಿಲ್ಲವೇ? ಸೇತುವೆಯಿಂದ ಬಿದ್ದು ಬದುಕಿದವನಿಗೆ ಇನ್ನೊಂದು ಸೇತುವೆ ಕಟ್ಟಿಸಿಕೊಟ್ಟ ಹಾಗಾಯಿತು ತಮ್ಮ ಪ್ರೀತಿ. ನಾನು ಶಾಲೆಯಿಂದ ಬಂದಾಗ ಪೆಟ್ಟಿಗೆ ಅಡುಗೆಮನೆಯ ಮೇಜಿನ ಮೇಲಿತ್ತು, ಮುಚ್ಚಳ ತೆಗೆದಿತ್ತು, ಓರ್ಲಿನ್ ಪಕ್ಕದಲ್ಲಿ ನಿಂತು ಆಲೂಗಡ್ಡೆ ಸುಲಿಯುತ್ತಿದ್ದ. “ನೋಡೇ, ಇಲಿಗೆ ಬೆಕ್ಕಿನ್ ಮರಿ ಉಡುಗೊರೆ ಬಂದಿದೆ. ಇದನ್ನ ಈಗ್ಲೇ ಮೇನಾರ್ಡ್ ಮನೇಗೆ ಹೊತ್ಕೊಂಡ್ ಹೋಗಿ ಕೊಟ್ಬಿಡು, ನಾನ್ ಮುಟ್ಟಲ್ಲ” ಎಂದ. ಕೊಟ್ಟುಬಂದೆ. ಮೇನಾರ್ಡ್ ಅವರು ಎಲ್ಲವನ್ನೂ ಚರ್ಚಿನ ಹಿಂದಿನ ಮೋರಿಗೆ ಸುರಿದರು. ಮಾರನೆಯ ದಿನ ಆ ಮೋರಿಯ ಬಳಿ ಪಾದ್ರಿಗಳ ಕೋಳಿಗಳು ಕರ್ನಲ್ಲರ ಠೀವಿಯಲ್ಲಿ ಓಡಾಡುತ್ತಿದ್ದವು.

ಬರುವ ಮಂಗಳವಾರ ಓರ್ಲಿನ್‌ಗೆ ಹತ್ತು ವರ್ಷ ತುಂಬುತ್ತದೆ. ಅವತ್ತು ನೆಲಮಾಳಿಗೆಯಲ್ಲಿ ಅವನ ಕೈಗೆ ಹತ್ತರ ಅಂಕಿ ಇರುವ ಒಂದು ಹಿತ್ತಾಳೆಯ ಬಿಲ್ಲೆ ಕೊಡುತ್ತಾರೆ, ನಾನು ಚಾಕೊಲೇಟ್ ಕೇಕ್ ಮಾಡಿಕೊಂಡು ಹೋಗುತ್ತೇನೆ. ತಾವೂ ಬರಬೇಕು. ಕರ್ನಲ್ಲರನ್ನೂ ಕರೆತರಬೇಕು, ಅವರ ಚಹಾಕ್ಕೆ ಸಕ್ಕರೆ ಎಷ್ಟೆಂದು ನನಗೆ ಗೊತ್ತಿದೆ.

ಈ ಪತ್ರವನ್ನು ಇಲ್ಲಿಯವರೆಗೆ ಓರ್ಲಿನ್‌ಗೆ ಓದಲು ಕೊಟ್ಟೆ, ಅವನ ಒಪ್ಪಿಗೆಯಿಲ್ಲದೆ ಅವನ ವಿಷಯ ಅಚ್ಚಾಗಬಾರದಲ್ಲ. ಅವನು ಕನ್ನಡಕ ಏರಿಸಿ ನಿಧಾನವಾಗಿ ಓದಿ, “ನಾಯಿ ವಿಷ್ಯ ಯಾಕ್ ಬರ್ದೆ?” ಎಂದ. “ಯಾಕೆ, ಸುಳ್ಳಾ?” ಎಂದೆ. “ನಿಜಾನೇ. ಆದ್ರೆ ಅದು ಕ್ಷಮಿಸಿದ್ದು ಮೊದಲ್ನೇ ವರ್ಷ ಮಾತ್ರ. ಆಮೇಲೆ ಮೂತಿ ತಿರುಗಿಸ್ಕೊಂಡು ಹೋಗ್ತಿತ್ತು. ಅದನ್ನ ಸರಿ ಮಾಡು, ನಾಯಿಗೆ ಅನ್ಯಾಯ ಆಗ್ಬಾರ್ದು” ಎಂದ. ಇಲ್ಲಿ ಬರೆದು ಸರಿ ಮಾಡಿದ್ದೇನೆ.

ಕುಡಿಯದೆಯೂ ಕಾಲು ನಡುಗುವ,
ತಮ್ಮ ವಿಶ್ವಾಸಿ,
ವರ್ನೆಲ್ ಹಾಫ್‌ಸ್ಟಾಡ್

ಮರೆತ ಮಾತು: ವಾರಪತ್ರಿಕೆಯ ಸಂಪಾದಕರು ಇಲ್ಲಿಂದ ಮುಂದಿನದನ್ನು ದಯವಿಟ್ಟು ಅಚ್ಚು ಹಾಕಬಾರದು, ಇದು ಕಂಪನಿಗೆ ಹೋಗುವ ಪ್ರತಿಗೆ ಮಾತ್ರ. ಓರ್ಲಿನ್ ಹೇಸರಗತ್ತೆಗಳಿಗೆ ಲಾಳ ಕಟ್ಟಲು ಹೋದ ಮೇಲೆ ಬರೆಯುತ್ತಿದ್ದೇನೆ.

ಮಾನ್ಯರೇ, ತಾವು ಕಳಿಸಿದ ಪೆಟ್ಟಿಗೆಗೆ ಆರು ಖಾನೆಗಳಿವೆ. ಒಳಗಿದ್ದ ಚೀಟಿಯಲ್ಲೂ ಆರು ಎಂದು ಬರೆದಿದೆ. ನಾನು ಹೊತ್ತುಕೊಂಡು ಹೋಗಿ ಮೇನಾರ್ಡ್ ಅವರಿಗೆ ಕೊಟ್ಟದ್ದು ಐದು ಬಾಟಲಿ. ಪೆಟ್ಟಿಗೆಯನ್ನು ಮನೆಗೆ ವಾಪಸ್ ತಂದು, ಆರನೆಯ ಖಾನೆಯ ತಳದ ಹುಲ್ಲು ಬಾಟಲಿಯ ಭಾರಕ್ಕೆ ಒತ್ತಿಹೋಗಿದೆಯೇ ಎಂದು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಒಂದು ಸಲ ಒತ್ತಿದ ಹಾಗೆ ಕಂಡಿತು, ಇನ್ನೊಂದು ಸಲ ಇಲ್ಲ.

ಓರ್ಲಿನ್‌ನನ್ನು ನಾನು ಕೇಳುವ ಹಾಗಿಲ್ಲ. ಗಂಡಸರು ನೆಲಮಾಳಿಗೆಯಲ್ಲಿ ಕೂತಿರುವಾಗ ನಾವು ಹೆಂಡತಿಯರು ಮೇಲಿನ ಹೊಲಿಗೆ ಕೋಣೆಯಲ್ಲಿ ಕೂತುಕೊಳ್ಳುತ್ತೇವೆ, ಅಲ್ಲಿ ನಾನು ಎಲ್ಲರೆದುರು ಮಾತು ಕೊಟ್ಟಿದ್ದೇನೆ: ಅವನ ಬಾಯಿ ಮೂಸುವುದಿಲ್ಲ, ಜೇಬು ಹುಡುಕುವುದಿಲ್ಲ, ಬಾಟಲಿ ಎಣಿಸುವುದಿಲ್ಲ. ಎಣಿಸಿದ್ದಾಯಿತು, ಆ ಪಾಪ ನನಗಿರಲಿ. ಆದರೆ ಕೇಳಿದರೆ, ಅವನು ತೆಗೆದಿರದಿದ್ದರೆ, ಇಷ್ಟು ವರ್ಷ ಒಂದು ದಿನವೂ ನಿನ್ನನ್ನು ನಂಬಿರಲಿಲ್ಲ ಎಂದು ಹೇಳಿದ ಹಾಗಾಗುತ್ತದೆ. ತೆಗೆದಿದ್ದರೆ, ಅವನು ಕೊಡುವ ಉತ್ತರ ನನಗೆ ಬಾಯಿಪಾಠವಾಗಿದೆ.

ಹಾಗಾಗಿ ತಮ್ಮನ್ನೇ ಕೇಳುತ್ತಿದ್ದೇನೆ. ತಮ್ಮ ಕಂಪನಿಯ ಅಜಾಗರೂಕತೆಯಲ್ಲಿ ನನಗೆ ಪೂರ್ತಿ ನಂಬಿಕೆಯಿದೆ. ತಮ್ಮಲ್ಲಿ ಕರ್ನಲ್ಲರು ಎಡಗೈಯಲ್ಲಿ ಎತ್ತಿದ ಲೋಟ ಬಲಗೈಯಿಂದ ಇಳಿಯುತ್ತದೆ, ಅರ್ಧವಾದ ಬಾಟಲಿ ಮರುಕ್ಷಣ ತುಂಬಿರುತ್ತದೆ, ಎರಡನೆಯ ಭಾಗದಲ್ಲಿ ಸತ್ತ ಟೆಲಿಗ್ರಾಫಿನವನು ಮೂರನೆಯ ಭಾಗದಲ್ಲಿ ಇಸ್ಪೀಟು ಹಂಚುತ್ತಾನೆ. ಇಂಥ ದೊಡ್ಡವರಿಗೆ ಆರು ಇಡುವಲ್ಲಿ ಐದು ಇಡುವುದೇನು ಮಹಾ! ಹಾಗೆ ತಪ್ಪಾಗಿದ್ದರೆ ಈ ಪತ್ರದ ಒಂದೊಂದು ಅಕ್ಷರವನ್ನೂ ಹಿಂತೆಗೆದುಕೊಂಡು, ತಮ್ಮ ಧಾರಾವಾಹಿಯಷ್ಟು ಸತ್ಯವಾದದ್ದು ಈ ಭೂಮಿಯ ಮೇಲಿಲ್ಲ ಎಂದು ಅದೇ ವಾರಪತ್ರಿಕೆಯಲ್ಲಿ ಬರೆಯುತ್ತೇನೆ. ಮಂಗಳವಾರದ ಒಳಗೆ, ಆ ಪೆಟ್ಟಿಗೆ ತುಂಬಿದವರು ಯಾರೋ ಅವರನ್ನು ಕರೆಸಿ, ಬೈಯದೆ, ಹೆದರಿಸದೆ, ಒಂದೇ ಒಂದು ಸಲ ಕೇಳಿ ನೋಡಿ: ಐದೇ ತಾನೇ ಇಟ್ಟದ್ದು?